ಲಾರಿ ಗಾಜಿನ ಉಲ್ಟಾ ಅಕ್ಷರ

ಗಾಜಿನ ಮೇಲೆ ಕೆಂಪು ಧೂಳು ಕಂಡರೆ ನನ್ನ ಬೆರಳು ಈಗಲೂ ಸುಮ್ಮನಿರುವುದಿಲ್ಲ.

ಯಲ್ಲಾಪುರದ ನಮ್ಮ ಮನೆಯೆದುರು ಅಬ್ಬಾ ಲಾರಿ ನಿಲ್ಲಿಸಿದೊಡನೆ ನಾನು ಡ್ರೈವರ್ ಸೀಟು ಹತ್ತುತ್ತಿದ್ದೆ. ಅವರು ಹೊರಗೆ ಬಂಪರಿನ ಮೇಲೆ ನಿಂತು, ನನಗೆ ಒಳಗಿನಿಂದ ನೆಟ್ಟಗೆ ಕಾಣಲೆಂದು ಗಾಜಿನ ಧೂಳಿನಲ್ಲಿ ಅಕ್ಷರಗಳನ್ನು ಉಲ್ಟಾ ಬರೆಯುತ್ತಿದ್ದರು. ಅಕ್ಷರದ ಸದ್ದನ್ನು ಸರಿಯಾಗಿ ಕೂಗಿದರೆ ಹಾರ್ನ್ ಬಾರಿಸಬಹುದಿತ್ತು. ನಾನು "ಬ!" ಎಂದು ಚೀರಿ ಹಾರ್ನ್ ಒತ್ತಿದರೆ ಓಣಿಯ ಕೋಳಿಗಳೆಲ್ಲ ದಿಕ್ಕಾಪಾಲು.

ಒಂದು ಮಧ್ಯಾಹ್ನ ಅಬ್ಬಾ ಹೊರಗಿನ ಗಾಜು ತೊಳೆಯುತ್ತಿದ್ದಾಗ, ನಾನೇ ಒಳಗೆ ಒಂದು ಮೂಲೆಯ ಧೂಳಿನಲ್ಲಿ ಬರೆದೆ. ಅವರು ಕೈ ನಿಲ್ಲಿಸಿ ನೋಡಿದರು. ನಾನು ಉಲ್ಟಾ ಬರೆದದ್ದು ಅವರಿಗೆ ನೆಟ್ಟಗೆ ಕಂಡಿತ್ತು: ಅಬ್ಬಾ.

ಅಮ್ಮಿ ಒಣಬಟ್ಟೆ ತಂದು, "ಒಳಗೂ ಒರೆಸ್ಕೊಂಡು ಹೋಗ್ರಿ" ಎಂದರು.

"ಆ ಮೂಲೆ ಮುಟ್ಟಬೇಡ. ಅಂಕೋಲಾ ತನಕ ಎದುರು ಬರೋರೆಲ್ಲ ಓದ್ಲಿ" ಎನ್ನುತ್ತ ಅಬ್ಬಾ ನನ್ನ ಪಕ್ಕಕ್ಕೆ ಹತ್ತಿ ಬಂದರು.

ಈ ಸಲ ಹಾರ್ನ್ ಬಾರಿಸಿದ್ದು ಅಬ್ಬಾ.