ಸೊಲ್ಲಿನ ಜಾಗ

“ನಿಲ್ಸು, ನಿಲ್ಸು!” ಪಿಳ್ಳಮ್ಮ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದಳು. “ಹಾಡ್ತಿರೋನು ಮುನಿಸ್ವಾಮೀನೇ. ಅವ್ನು ಬಾಯಿ ಮುಚ್ಚಿದ ತಕ್ಷಣ ಕುಯ್ಯೋ ಅಂತೈತಲ್ಲ, ಅದ್ಯಾವ್ದು?”

“ಕೀಬೋರ್ಡ್, ಅಜ್ಜಿ,” ಎಂದಳು ಸಂಧ್ಯಾ. ಶಂಕರಪುರಂನ ಹಳೆಯ ಮನೆಯೊಂದರ ಮುಂದಿನ ಕೋಣೆ ಅವಳ ಸ್ಟುಡಿಯೋ.

“ಅಂದ್ಕೊಂಡಿದ್ದೆ. ನಮ್ಮನ್ನ ಬಿಟ್ಟು ಮಿಷನ್ ಕೂರಿಸ್ಕೊಂಡವ್ನೆ.”

ನಲವತ್ತು ವರ್ಷದ ಸಿಟ್ಟು ಅದು. ಶ್ರೀರಾಂಪುರದ ಬಟ್ಟೆ ಗಿರಣಿಯ ಕೆಲಸಗಾರರು ಕಟ್ಟಿದ ಹಾಡಿನ ತಂಡದಲ್ಲಿ ಮುನಿಸ್ವಾಮಿ ಸಾಲು ಎತ್ತುತ್ತಿದ್ದ, ಪಿಳ್ಳಮ್ಮ ಮತ್ತವಳ ಜೊತೆಗಾತಿಯರು ಒಂದೊಂದು ಸಾಲಿಗೂ ಉತ್ತರವಾಗಿ ಸೊಲ್ಲು ಹೇಳುತ್ತಿದ್ದರು. ಚಾಮರಾಜಪೇಟೆಯಲ್ಲಿ ಕ್ಯಾಸೆಟ್ಟಿಗೆ ರೆಕಾರ್ಡಿಂಗ್ ಇದ್ದ ದಿನವೇ ಗಿರಣಿಯವರು ಶಿಫ್ಟ್ ಬಿಡದೆ ಗೇಟಿಗೆ ಬೀಗ ಜಡಿದರು. ಹೆಂಗಸರು ಒಳಗೇ ಉಳಿದರು. ಹೊರಗಿದ್ದ ಮುನಿಸ್ವಾಮಿ ಅವರಿಲ್ಲದೆಯೇ ಹೋಗಿ ಹಾಡಿ ಬಂದ. ಆಮೇಲೆ ಗಿರಣಿಯೂ ಮುಚ್ಚಿತು, ಕ್ಯಾಸೆಟ್ಟೂ ಬರಲಿಲ್ಲ. ಗಿರಣಿ ಇದ್ದಲ್ಲಿ ಈಗ ಮುಗಿಲೆತ್ತರದ ಫ್ಲಾಟುಗಳು. ಅಲ್ಲಿಯೂ ಗೇಟು, ಅಲ್ಲಿಯೂ ವಾಚ್‌ಮನ್. ಮುನಿಸ್ವಾಮಿ ಏನೋ ಹೇಳಲು ಬಂದಾಗಲೆಲ್ಲ ಪಿಳ್ಳಮ್ಮ ಸೆರಗು ಕೊಡವಿ ಎದ್ದು ಹೋದಳು. ಅವನು ಸತ್ತಾಗಲೂ ಆ ಬಾಗಿಲು ತುಳಿಯಲಿಲ್ಲ. ಈಗ ಅವನ ಮಗಳು ಯಮುನಾಗೆ ಅಟ್ಟದ ಮೇಲೆ ಆ ಟೇಪು ಸಿಕ್ಕಿದೆ, ತಿದ್ದಿ ಸಿದ್ಧಮಾಡಲು ಸಂಧ್ಯಾಗೆ ಕೊಟ್ಟಿದ್ದಾಳೆ. ಹೊರತರಲು ತಂಡದಲ್ಲಿ ಉಳಿದಿರುವ ಒಬ್ಬಳೇ ಒಬ್ಬಳು ಒಪ್ಪಬೇಕಂತೆ. ಒಪ್ಪಲ್ಲ ಎಂದು ಹೇಳಿ ಹೋಗಲೆಂದೇ ಪಿಳ್ಳಮ್ಮ ಬಂದಿದ್ದಳು.

“ಅಜ್ಜಿ, ಕೀಬೋರ್ಡ್ ನಾನು ಹಾಕಿದ್ದು,” ಸಂಧ್ಯಾ ಅಳುಕಿದಳು. “ಒಂದೊಂದ್ ಲೈನ್ ಆದ್ಮೇಲೂ ಖಾಲಿ ಇತ್ತು. ಅಳಿಸಿ ಹೋಗಿದೆ ಅನ್ಕೊಂಡೆ. ಕೇಳೋರಿಗೆ ಬೋರ್ ಆಗುತ್ತಲ್ಲಾ ಅಂತ...”

“ಖಾಲಿನಾ?” ಪಿಳ್ಳಮ್ಮ ಕುರ್ಚಿ ಮುಂದಕ್ಕೆಳೆದಳು. “ನೀನ್ ತುಂಬಿದ್ದು ತೆಗಿ. ಖಾಲೀದೇ ಹಾಕಮ್ಮಣ್ಣಿ.”

ಈ ಸಲ ಸಂಧ್ಯಾ ಸ್ಪೀಕರಿನಲ್ಲೇ ಹಾಕಿದಳು. ತಮಟೆಯ ಪೆಟ್ಟಿನ ಬೆನ್ನಿಗೇ ಮುನಿಸ್ವಾಮಿಯ ಗಂಟಲು ಕೋಣೆ ತುಂಬಿತು.

‘ಹತ್ತಿಯ ಹೊತ್ತ ಹೆಗಲು ಯಾರದು?’

ಆಮೇಲೆ ಹಾಡಿಲ್ಲ. ಆದರೆ ಖಾಲಿಯೂ ಅಲ್ಲ. ತಮಟೆ ಬೆರಳ ತುದಿಯಲ್ಲಿ ಮೆಲ್ಲಗೆ ನಡೆಯುತ್ತಿತ್ತು, ಬರುವವರಿಗೆ ಪಕ್ಕಕ್ಕೆ ಸರಿದು ದಾರಿ ಕೊಡುವ ಹಾಗೆ. ಅದರೊಳಗೆ ಮುನಿಸ್ವಾಮಿಯ ಉಸಿರು. ಪಿಸುಮಾತಿಗಿಂತ ಸಣ್ಣಗೆ ಒಂದು ‘ಹೂಂ, ಹೇಳ್ರಮ್ಮಾ.’ ಸೊಲ್ಲು ಮುಗಿಯುವಷ್ಟೇ ಹೊತ್ತು ಕಾದು ಮುಂದಿನ ಸಾಲು ಎತ್ತಿದ.

‘ನೂಲನು ತೆಗೆದ ಬೆರಳು ಯಾರದು?’

ಮತ್ತೆ ಕಾದ. ಬೀಗದ ಹಿಂದಿದ್ದ ಅಷ್ಟೂ ಹೆಂಗಸರಿಗೆ, ಸಾಲು ಸಾಲಿಗೂ ಜಾಗ ಬಿಟ್ಟು ಹಾಡಿದ್ದ ಮಹರಾಯ! ಪಿಳ್ಳಮ್ಮ ಕಣ್ಣು ಮಿಟುಕಿಸದೆ ಸ್ಪೀಕರನ್ನೇ ನೋಡಿದಳು. “ನಮ್ಮದಣ್ಣಾ ನಮ್ಮದು...” ತುಟಿಯಲ್ಲೇ ಸೊಲ್ಲು ಹೇಳಿದಳು.

ಸಂಧ್ಯಾ ಹಾಡು ನಿಲ್ಲಿಸಿದಳು. “ನಿಮ್ಮ ವಾಯ್ಸ್ ರೆಕಾರ್ಡ್ ಮಾಡಿ ಅಲ್ಲಿ ಕೂರಿಸ್ಲಾ ಅಜ್ಜಿ?”

“ನನ್ನೊಬ್ಬಳ ಜಾಗ ಅಲ್ಲ ಅದು. ಹಂಗೇ ಬಿಡು. ಹಂಗೇ ಆಚೆಗ್ ಬರ್ಲಿ, ನಾನ್ ಒಪ್ಕೊಂಡೆ ಅಂತ ಯಮುನಂಗೆ ಹೇಳು. ಕೇಳಿದೋರು ಸೊಲ್ಲು ಹೇಳ್ಕೊಳ್ಲಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹೂಂ, ಮುಂದಕ್ ಬಿಡು.”

‘ಸೈರನ್ ಕೂಗಿ ಎಬ್ಬಿಸಿದ ಊರು ಯಾರದು?’

ತಮಟೆ ಮೆತ್ತಗಾಯಿತು. ಮುನಿಸ್ವಾಮಿ ಕಾದ. ಪಿಳ್ಳಮ್ಮ ಉಸಿರೆಳೆದುಕೊಳ್ಳುವಷ್ಟರಲ್ಲಿ ಪಕ್ಕದಿಂದ ಎಳೆಯ ದನಿಯೊಂದು “ನಮ್ಮದಣ್ಣಾ ನಮ್ಮದು” ಅಂದುಬಿಟ್ಟಿತು. ಅಂದ ಸಂಧ್ಯಾ ನಾಚಿ ಬಾಯಿಗೆ ಕೈ ಅಡ್ಡ ಹಿಡಿದಳು.

ಪಿಳ್ಳಮ್ಮ ಆ ಕೈ ಹಿಡಿದು ಕೆಳಗಿಳಿಸಿದಳು.

“ಇನ್ನೂ ಜೋರಾಗಮ್ಮಣ್ಣಿ. ಗೇಟ್ ದಾಟ್ಬೇಕು.”