ದೇವರ ಮುಂಗಾಲು

ಸರಗೂರಿನ ಕಡೆಯಿಂದ ಅಂದು ಬೆಳಿಗ್ಗೆಯಷ್ಟೇ ಟೆಂಪೋದಲ್ಲಿ ಬಂದಿಳಿದ ದೇವರ ಗೂಳಿ ಬಸವಪ್ಪ, ಹೊಸ ಪಂಚೆ ಉಟ್ಟು ಅಂಗೈ ಚಾಚಿ ಕೂತಿದ್ದ ಮಹೇಂದ್ರನನ್ನು ಮೂಸಿಯೂ ನೋಡದೆ ದಾಟಿಕೊಂಡು ಹೋಗಿ, ಗುಡಿಯ ಮೂಲೆಯಲ್ಲಿ ಪೊರಕೆ ಹಿಡಿದು ಕೂತಿದ್ದ ಅವನ ಅತ್ತಿಗೆ ಚಿಕ್ಕಸಿದ್ದಮ್ಮನ ಮಡಿಲ ಮೇಲೆ ಮೆಲ್ಲಗೆ ಮುಂಗಾಲು ಇಟ್ಟೇಬಿಟ್ಟ.

ಮಾರಮ್ಮನ ಮುಂದಿನ ಪೂಜಾರಿ ಯಾರೆಂದು ಬಸವಪ್ಪ ಪಾದ ಕೊಟ್ಟು ತೋರಿಸಬೇಕು. ಅದು ಊರಿನ ಕಟ್ಟಳೆ. ತೀರಿಹೋದ ಹಳೇ ಪೂಜಾರಿ ಮುದ್ದಯ್ಯ ಹಾಸಿಗೆ ಹಿಡಿದು ಮಲಗಿದ್ದ ಏಳು ವರ್ಷವೂ ಅಮ್ಮನಿಗೆ ನೀರು, ಹೂವು, ದೀಪ ಎಲ್ಲ ಈ ವಿಧವೆ ಸೊಸೆಯದೇ. ಆದರೂ ಊರಿನ ಬಾಯಲ್ಲಿ ಅವಳು ಕಸ ಗುಡಿಸುವವಳು. ಮೈದುನ ಮಹೇಂದ್ರ ಪೂಜಾರಿಯಾದರೆ ಗುಡಿಯ ಬೀಗದ ಕೈಯಷ್ಟೇ ಅಲ್ಲ, ಅವಳು ಮಲಗುವ ಪಕ್ಕದ ಕೋಣೆಯೂ ಅವನದಾಗುತ್ತದೆ.

ಊರ ಯಜಮಾನ ಚಲುವಯ್ಯ ಗಂಟಲು ಸರಿಮಾಡಿಕೊಂಡ. "ಅಸುರು ಸೀರೆ ಉಟ್ಟವ್ಳೆ ಕಣ್ರಲಾ. ಉಲ್ಲು ಅಂದ್ಕಂಡವ್ನೆ ಬಸಪ್ಪ, ಪಾಪ."

ಹುಲ್ಲಿಗೂ ಸೀರೆಗೂ ವ್ಯತ್ಯಾಸ ತಿಳಿಯದ ದೇವರು ಪೂಜಾರಿಯನ್ನು ಹೇಗೆ ಆರಿಸುತ್ತಾನೆಂದು ಯಾರೂ ಕೇಳಲಿಲ್ಲ. ಯಾರದೋ ಹೆಗಲ ಮೇಲಿದ್ದ ರೈತಸಂಘದ ಹಸಿರು ಶಾಲು ಕಿತ್ತು ಮಹೇಂದ್ರನಿಗೆ ಹೊದಿಸಿದರು. ಬಸವಪ್ಪನನ್ನು ಬೇವಿನ ಮರದ ತನಕ ಹಿಂದಕ್ಕೆ ನಡೆಸಿ ಮತ್ತೆ ಬಿಟ್ಟರು. ಅವನು ಶಾಲಿನ ಅಂಚನ್ನು ಎರಡು ಸಲ ಅಗಿದು, ಉಗಿದು, ನೆಟ್ಟಗೆ ಹೋಗಿ ಸಿದ್ದಮ್ಮನ ಮುಂದೆಯೇ ಕಾಲೆತ್ತಿದ.

ಅವಳು ಪೊರಕೆ ಕೆಳಗಿಟ್ಟಳು. ಕೇಳಿಯೇಬಿಟ್ಟಳು. "ಎಲ್ಡು ಸಲ ಆಯ್ತಲ್ಲ ಯಜಮಾನ್ರೇ. ಬಸಪ್ಪ ಇನ್ನೂ ಎಂಗೆ ಏಳ್ಬೇಕು?"

"ಸುಮ್ಕಿರವ್ವ ನೀನು." ಚಲುವಯ್ಯ ಕೈ ಮುಗಿದು ಆಕಾಶ ನೋಡಿದ. "ದೇವ್ರು ಏನೋ ಏಳ್ತಾವ್ನೆ. ಅವನ ಮನಸ್ನ ಅರ್ಥ ಮಾಡ್ಕಳಕೆ ಉಲುಮಾನವ್ರು ನಮ್ ಕೈಲಾದದಾ?"

"ನಂಗೆ ಅರ್ಥ ಆಯ್ತಲ್ಲ!"

"ನಿಂಗೇ ಅರ್ಥ ಆಗೋದಾದ್ರೆ ಅದು ದೇವ್ರ ಮಾತು ಎಂಗಾದದು?"

ಜನ ಹೌದೌದೆಂದು ತಲೆದೂಗಿದರು. ಮೂರನೆಯ ಸಲ ನಾಲ್ವರು ಗಂಡಸರು ಹಗ್ಗ ಜಗ್ಗಿ ಬಸವಪ್ಪನನ್ನು ಮಹೇಂದ್ರನ ಮುಂದೆ ತಂದು ನಿಲ್ಲಿಸಿದರು. ನಾಲ್ಕೂ ಕಾಲು ನೆಲಕ್ಕೆ ನೆಟ್ಟು ನಿಂತುಬಿಟ್ಟ ಬಸವಪ್ಪ. ಆಗ ಚಲುವಯ್ಯನೇ ಮಂಡಿಯೂರಿ, ಬಲು ಭಕ್ತಿಯಿಂದ, ಅವನ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಮಹೇಂದ್ರನ ಅಂಗೈಯತ್ತ ತಿರುಚತೊಡಗಿದ. ತಮಟೆ ಮೊಳಗಿತು.

ಸೊಂಟದಿಂದ ಬೀಗದ ಕೈ ಬಿಚ್ಚುತ್ತಿದ್ದ ಸಿದ್ದಮ್ಮ ನೋಡಲಾರದೆ ಕೂಗಿದಳು: "ಮೆಲ್ಲುಕೆ ಕಣ್ರಪ್ಪಾ! ದೇವ್ರ ಕಾಲು ಉಳುಕೀತು!"