ಹುತಾತ್ಮನ ಮುಖ

ಮರುದಿನ ಮಂತ್ರಿಗಳು ಅನಾವರಣ ಮಾಡಬೇಕಿದ್ದ ಪ್ರತಿಮೆಯ ಮೇಲಿನ ಬಟ್ಟೆಯನ್ನು ಕಿತ್ತೆಸೆದು, ಹುತಾತ್ಮನ ತಮ್ಮನ ಮಗ ಶಿಲ್ಪಿಯ ಮೇಲೆ ಹರಿಹಾಯ್ದ.

"ಈ ದಪ್ಪ ಮೂಗು, ಈ ಹುರಿಮೀಸಿ ಯಾರ್ದಲೇ? ನಮ್ಮ ಮನಿತನದಾಗ ಇಂಥಾ ಮಾರಿ ಒಂದೂ ಇಲ್ಲ!"

"ನಿಮ್ಮ ದೊಡ್ಡಪ್ಪಂದು ಒಂದು ಫೋಟೋನೂ ಇಲ್ರಿ. ನಿಮ್ಮ ದೊಡ್ಡವ್ವಾರು ಹೇಳಿದಂಗ ಮಾಡೀನಿ. ಗಲ್ಲದ ಮ್ಯಾಲಿನ ಗಾಯದ ಗುರ್ತೂ ಅವರ ಹೇಳಿದ್ದು."

ಅವನು ಸಿಟ್ಟಿನಲ್ಲೇ ಮನೆಗೆ ಬಂದ. ಬ್ರಿಟಿಷರ ವಿರುದ್ಧದ ಚಳವಳಿಯ ವರ್ಷ ಆ ಮನೆಗೆ ಸೊಸೆಯಾಗಿ ಬಂದು ಅದೇ ವರ್ಷ ವಿಧವೆಯಾಗಿದ್ದ ಮುದುಕಿ, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಯಾವನ ಮಾರಿ ಹೇಳಿದಿ ಅವಗ? ಊರ ಮುಂದ ನಮ್ಮ ಮಾನಾ ಕಳೀಬೇಕಂತ ಮಾಡಿಯೇನು?"

ಆಕೆಯ ಕೈ ನಿಲ್ಲಲಿಲ್ಲ.

"ಗಂಡನ ಮುಂದ ತಲಿ ಎತ್ತಿದ್ರ ನಿಮ್ಮಜ್ಜಿ ಬರೆ ಹಾಕ್ತಿದ್ಳು. ಸೆರಗಿನ ಒಳಗಿಂದ ನನಗ ಕಂಡಿದ್ದು ಅವರ ಕಾಲು ಅಷ್ಟ. ಎಡಗಾಲಿನ ಕಿರುಬೆರಳು ಸೊಟ್ಟ ಇತ್ತು. ಅದನ್ನೂ ಹೇಳಿದ್ದೆ. ನೀನ ಬೂಟು ಹಾಕಸು ಅಂದಿ, ಅದೂ ಮುಚ್ಚಿಹೋತು."

"ಹಂಗಾರ ಆ ಮಾರಿ ಎಲ್ಲಿಂದ ತಂದಿ?"

"ಮಾರಿ ಹೇಳು, ಮಾರಿ ಹೇಳು ಅಂತ ಎಲ್ಲಾರೂ ಕೂಡಿ ನನ್ನ ಜೀವಾ ತಿಂದ್ರಿ. ಆಗಿನ ಕಾಲದಾಗ ನಾ ತಲಿ ಎತ್ತಿ, ಕಣ್ಣು ತುಂಬ ನೋಡಿದ ಗಂಡಸು ಒಬ್ಬನ."

"ಯಾರು?"

"ಇದ ಅಂಗಳದಾಗ ಅವರಿಗೆ ಗುಂಡು ಹೊಡದ ಪೊಲೀಸ್ ಫೌಜದಾರ."